ಲೆಕ್ಕ ಕೊಡೋರು, ಲೆಕ್ಕ ಕೇಳೋರು

ನಮ್ಮ ದೊಡ್ಡಪ್ಪನ ಮನೆ ಪಡಸಾಲೆಯಲ್ಲಿ ಕೊಬ್ಬರಿ ಮಂಡಿಯವರು ಕೊಟ್ಟ ಕ್ಯಾಲೆಂಡರ್ ಒಂದಿದೆ. ಹೋದ ಸಲ ಊರಿಗೆ ಹೋದಾಗ ಅದರಲ್ಲಿ ಕೆಲವು ತಾರೀಖುಗಳ ಸುತ್ತ ನೀಲಿ ಪೆನ್ನಿನಲ್ಲಿ ಸೊನ್ನೆ ಸುತ್ತಿರೋದು ಕಾಣಿಸ್ತು. ಹಾಲಿನ ಲೆಕ್ಕ ಇರಬೇಕು ಅಂದುಕೊಂಡು ಕೇಳಿದೆ. "ಹಾಲಿಂದಲ್ಲ ಕಣೋ, ನೀರಿಂದು. ನಲ್ಲೀಲಿ ನೀರು ಬಂದ ದಿನ ಒಂದು ಸೊನ್ನೆ ಹಾಕ್ತೀನಿ" ಅಂದರು. ಜುಲೈ ತಿಂಗಳ ಹಾಳೆಯಲ್ಲಿ ಎಣಿಸಿದೆ. 11 ಸೊನ್ನೆ.

ಬೆಂಗಳೂರಲ್ಲಿ ನಾನು ಹೊಟ್ಟೆಪಾಡಿಗೆ ಮಾಡೋ ಕೆಲಸವೂ ಹೆಚ್ಚುಕಡಿಮೆ ಇದೇ. ಯಾವ ಸರ್ವರ್ ಎಷ್ಟು ಹೊತ್ತು ನಡೀತು, ಎಷ್ಟು ಹೊತ್ತು ನಿಂತಿತ್ತು, ಹೇಳಿದ ಟೈಮಿಗೆ ಕೆಲಸ ಆಯ್ತಾ ಇಲ್ವಾ ಅಂತ ಡ್ಯಾಶ್‌ಬೋರ್ಡ್ ನೋಡ್ಕೊಂಡು ಕೂರೋದು. ಇದಕ್ಕೆ ನನಗೆ ಸಂಬಳ ಕೊಡ್ತಾರೆ. ದೊಡ್ಡಪ್ಪನಿಗೆ ಯಾರೂ ಕೊಡಲ್ಲ. "ಇದನ್ನೆಲ್ಲ ಬರೆದಿಟ್ಟು ಏನ್ಮಾಡ್ತೀರ?" ಅಂದೆ. "ಮುಂದಿನ ತಿಂಗಳು ಪಂಚಾಯ್ತಿಲಿ ಜಮಾಬಂದಿ ಐತೆ. ಅಲ್ಲಿಗೆ ತಗೊಂಡೋಗ್ತೀನಿ" ಅಂದರು.

ಜಮಾಬಂದಿ. ಚಿಕ್ಕಂದಿನಿಂದ ಕೇಳಿದ ಪದ, ಅರ್ಥ ಮಾತ್ರ ಯಾವತ್ತೂ ಕೇಳಿರಲಿಲ್ಲ. ಬೆಂಗಳೂರಿಗೆ ವಾಪಸ್ ಬಂದಮೇಲೆ ಆ ಪದದ ಬೆನ್ನು ಹತ್ತಿದೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಊರಿನ ಕೆಲಸ ಸರಿಯಾಗಿ ನಡೀತಿದೆಯಾ ಅಂತ ಯಾರು ಯಾರನ್ನ ಕೇಳ್ತಿದ್ದರು ಅನ್ನೋ ಕತೆಯೇ ಅದರ ಹಿಂದೆ ಬಿಚ್ಚಿಕೊಳ್ತಾ ಹೋಯ್ತು.

ನಮ್ಮ ಕಡೆ ಊರಿನ ಹೆಸರುಗಳನ್ನೇ ನೋಡಿ: ತುರುವೇಕೆರೆ, ನೊಣವಿನಕೆರೆ, ಶೆಟ್ಟಿಕೆರೆ, ಕಂದಿಕೆರೆ. ಇವತ್ತು ಇದು ತೆಂಗಿನ ಸೀಮೆ, ಆದರೆ ಊರು ಕಟ್ಟಿಸಿದ್ದು ಕೆರೆ. ಹಾಗಾಗಿ ನಮ್ಮ ಕಡೆಯ ಮೊದಲ 'ಸಾರ್ವಜನಿಕ ಸೇವೆ' ಅಂದರೆ ಕೆರೆ ನೋಡಿಕೊಳ್ಳೋದೇ. ಬಿ.ಎಲ್. ರೈಸ್ ಅವರು ತುಮಕೂರು ಜಿಲ್ಲೆಯ ಶಾಸನಗಳನ್ನೆಲ್ಲ ಸೇರಿಸಿ 1904ರಲ್ಲಿ 'ಎಪಿಗ್ರಾಫಿಯಾ ಕರ್ನಾಟಿಕಾ'ದ 12ನೇ ಸಂಪುಟ ತಂದರು. ಕನ್ನಡ ನಾಡಿನ ಶಾಸನಗಳಲ್ಲಿ ಕೆರೆ ಕಟ್ಟಿಸಿದವರಿಗೆ, ಕಟ್ಟಿದ ಕೆರೆಯನ್ನ ಕಾಪಾಡಿಕೊಂಡು ಬರುವವರಿಗೆ ಭೂಮಿ ಬಿಟ್ಟುಕೊಟ್ಟ ದಾಖಲೆಗಳು ಬೇಕಾದಷ್ಟಿವೆ. ಬಿತ್ತುವಟ್ಟ, ಕಟ್ಟುಕೊಡಗೆ, ಕೆರೆಗೊಡಗೆ ಅಂತ ಅದಕ್ಕೆ ಬೇರೆ ಬೇರೆ ಹೆಸರು. ಹೂಳು ತೆಗೆಸು, ಏರಿ ಭದ್ರ ಮಾಡು, ತೂಬು ಸರಿಯಾಗಿಡು. ಅಲ್ಲೀವರೆಗೂ ಈ ಗದ್ದೆ ನಿನ್ನದು. ಇವತ್ತಿನ ಮಾತಲ್ಲಿ ಹೇಳೋದಾದ್ರೆ ಇದು ಮೇಂಟೆನೆನ್ಸ್ ಕಾಂಟ್ರಾಕ್ಟ್. ತಪ್ಪಿದವನಿಗೆ ಶಿಕ್ಷೆ? ಶಾಸನದ ಕೊನೆಗೆ ಒಂದು ಶಾಪ. ದತ್ತಿ ಕೆಡಿಸಿದವನಿಗೆ ಕಾಶಿಯಲ್ಲಿ ಗೋವು ಕೊಂದ ಪಾಪ ತಟ್ಟುತ್ತೆ ಅಂತ. ಪಾಪದ ಭಯ ಎಷ್ಟರಮಟ್ಟಿಗೆ ಕೆಲಸ ಮಾಡ್ತೋ ಗೊತ್ತಿಲ್ಲ, ಆದರೆ ಕರಾರನ್ನ ಎಲ್ಲರೂ ಓಡಾಡೋ ಜಾಗದಲ್ಲಿ ಕಲ್ಲಿನ ಮೇಲೆ ಕೆತ್ತಿ ನಿಲ್ಲಿಸಿದ್ದಂತೂ ನಿಜ.

ಕೆರೆಯ ದಿನನಿತ್ಯದ ಕೆಲಸ ನೀರುಗಂಟಿಯದ್ದು. ತೂಬು ಎತ್ತೋದು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ಬಿಡೋದು, ಏರಿ ಕಾಯೋದು. ಅವನಿಗೆ ತಿಂಗಳ ಸಂಬಳ ಇರಲಿಲ್ಲ. ಸುಗ್ಗಿಯಲ್ಲಿ ಕಣದ ಹತ್ತಿರ ಬಂದರೆ ಪ್ರತಿ ರೈತನೂ ಆಯ ಅಂತ ಒಂದಿಷ್ಟು ಧಾನ್ಯ ಅಳೆದು ಕೊಡ್ತಿದ್ದ. ಕೆಲಸ ಮಾಡಿಸಿಕೊಂಡವನೇ ಕೂಲಿಯನ್ನೂ ಕೊಡೋ ವ್ಯವಸ್ಥೆ. ಇದನ್ನ ಕೇಳಿ 'ಆಹಾ, ಎಂಥಾ ಗ್ರಾಮಸ್ವರಾಜ್ಯ' ಅಂತ ಉಬ್ಬಿಹೋಗೋದು ಬೇಡ. ನೀರುಗಂಟಿ, ತೋಟಿಯಂಥ ಕೆಲಸಗಳು ಬಹುಪಾಲು ಕೆಳಜಾತಿಗಳ ಹೆಗಲ ಮೇಲೇ ಬಿದ್ದಿದ್ದವು. ಗದ್ದೆ ಇದ್ದವನು ನೀರುಗಂಟಿಯನ್ನ ಕೇಳಬಹುದಿತ್ತು. ತನ್ನ ಪಾಲಿನ ಆಯ ಕಡಿಮೆಯಾದರೆ ನೀರುಗಂಟಿ ಯಾರನ್ನ ಕೇಳಬೇಕು? ಗದ್ದೆಯೇ ಇಲ್ಲದವನಿಗೆ ಕೆರೆ ನೀರಿನ ಬಗ್ಗೆ ಬಾಯಿಬಿಡೋ ಹಕ್ಕೇ ಇರಲಿಲ್ಲ.

ಇನ್ನು ಜಮಾಬಂದಿ. ಜಮಾ ಅಂದರೆ ಒಟ್ಟು ಮೊತ್ತ, ಬಂದಿ ಅಂದರೆ ಕಟ್ಟುವಿಕೆ, ನಿಗದಿ. ಪಾರ್ಸಿ ಆಡಳಿತ ಭಾಷೆಯಿಂದ ಬಂದ ಪದ. ಮೈಸೂರು ಸಂಸ್ಥಾನದ ಕಾಲದಲ್ಲಿ ವರ್ಷಕ್ಕೊಮ್ಮೆ ಅಧಿಕಾರಿಗಳು ತಾಲೂಕಿಗೆ ಬಂದು ಕ್ಯಾಂಪ್ ಹಾಕ್ತಿದ್ದರು. ಒಂದೊಂದೇ ಊರಿನ ಶಾನುಭೋಗರು ಲೆಕ್ಕದ ಪುಸ್ತಕ ಹೊತ್ತು ಅಲ್ಲಿಗೆ ಹೋಗಬೇಕು. ಎಷ್ಟು ಜಮೀನು ಸಾಗುವಳಿ ಆಯ್ತು, ಎಷ್ಟು ಕಂದಾಯ ಬರಬೇಕಿತ್ತು, ಎಷ್ಟು ಬಂತು, ಬಾಕಿ ಎಷ್ಟು ಅಂತ ತಾಳೆ ನೋಡೋದೇ ಜಮಾಬಂದಿ. ಪುಸ್ತಕ ಅಂದಾಗ ನೆನಪಾಯ್ತು: ನಾವು ಇವತ್ತು ಫೈಲಿಗೆ ಕಡತ ಅಂತೀವಲ್ಲ, ಅದು ಮೊದಲು ಬಟ್ಟೆಯ ಪುಸ್ತಕ. ಬಟ್ಟೆಗೆ ಕಪ್ಪು ಸರಿ ಬಳಿದು, ಒಣಗಿಸಿ, ಮಡಚಿ, ಬಳಪದಲ್ಲಿ ಬರೀತಿದ್ದರು. ಬೇಡವಾದ್ದನ್ನ ಅಳಿಸಿ ಮತ್ತೆ ಬರೆಯಬಹುದು. ಅಳಿಸೋಕೆ ಬರೋ ಲೆಕ್ಕದ ಅನುಕೂಲ ಏನು ಅಂತ ನಾನು ಬಿಡಿಸಿ ಹೇಳಬೇಕಿಲ್ಲ.

ಈ ಹಳೇ ಜಮಾಬಂದಿಯಲ್ಲಿ ಪ್ರಶ್ನೆ ಯಾವ ಕಡೆಯಿಂದ ಯಾವ ಕಡೆಗೆ ಹರೀತಿತ್ತು ಅನ್ನೋದನ್ನ ಗಮನಿಸಿ. ಸರ್ಕಾರ ಊರನ್ನ ಕೇಳ್ತಿತ್ತು: ನೀನು ಎಷ್ಟು ಕೊಟ್ಟೆ? ಊರು ಸರ್ಕಾರವನ್ನ, 'ನೀನು ಏನು ಮಾಡಿದೆ?' ಅಂತ ಕೇಳೋಕೆ ಅಲ್ಲಿ ಜಾಗ ಇರಲಿಲ್ಲ.

ಆ ಜಾಗ ಸ್ವಲ್ಪ ಸಿಕ್ಕಿದ್ದು 1881ರಲ್ಲಿ. ಐವತ್ತು ವರ್ಷ ಇಂಗ್ಲಿಷರ ಆಡಳಿತದಲ್ಲಿದ್ದ ಮೈಸೂರು ಒಡೆಯರ ಕೈಗೆ ವಾಪಸ್ ಬಂದ ವರ್ಷ ಅದು. ದಿವಾನ್ ರಂಗಾಚಾರ್ಲು ಅವರು ದಸರೆಯ ಸಮಯಕ್ಕೆ ತಾಲೂಕುಗಳಿಂದ ರೈತರನ್ನ, ವರ್ತಕರನ್ನ ಮೈಸೂರಿಗೆ ಕರೆಸಿದರು. ಅಕ್ಟೋಬರ್ 7ರಂದು 144 ಜನ ಸೇರಿದರು. ಅದೇ ಪ್ರಜಾಪ್ರತಿನಿಧಿ ಸಭೆ. ರೈಲು ತುಮಕೂರು ಮುಟ್ಟಿದ್ದೇ 1884ರಲ್ಲಿ. ಅಂದಮೇಲೆ ನಮ್ಮ ಸೀಮೆಯಿಂದ ಹೋದವರು ಎತ್ತಿನ ಗಾಡಿಯಲ್ಲೋ ಕುದುರೆ ಮೇಲೋ ದಿನಗಟ್ಟಲೆ ಪ್ರಯಾಣ ಮಾಡಿಯೇ ಹೋಗಿರಬೇಕು. ದಿವಾನರು ವರ್ಷದ ಆಡಳಿತದ ವರದಿ ಓದ್ತಿದ್ದರು: ಆದಾಯ ಇಷ್ಟು, ಖರ್ಚು ಇಷ್ಟು, ರಸ್ತೆ, ಕೆರೆ, ಶಾಲೆ ಇಷ್ಟು ಅಂತ. ಆಮೇಲೆ ಸದಸ್ಯರು ತಮ್ಮ ತಾಲೂಕಿನ ಅಹವಾಲು ಹೇಳೋರು. ಅದು ಅಚ್ಚಾಗಿ ದಾಖಲೆಯಲ್ಲಿ ಉಳೀತಿತ್ತು.

ಇದೇನೂ ಪೂರ್ತಿ ಪ್ರಜಾಪ್ರಭುತ್ವ ಅಲ್ಲ. ಬಂದವರು ಆಸ್ತಿವಂತರು. 1891ರವರೆಗೆ ಚುನಾವಣೆಯೂ ಇರಲಿಲ್ಲ. ಸಭೆಗೆ ಕೇಳೋ ಅವಕಾಶ ಇತ್ತು, ಮಾಡಿಸೋ ಅಧಿಕಾರ ಇರಲಿಲ್ಲ. ಆದರೂ ಒಂದು ಹೊಸ ರೂಢಿ ಹುಟ್ಟಿತು. ಆಳುವವನು ವರ್ಷಕ್ಕೊಮ್ಮೆ ಎದ್ದುನಿಂತು ಲೆಕ್ಕ ಒಪ್ಪಿಸಬೇಕು, ಊರಿಂದ ಬಂದವನು ಅದನ್ನ ಕೂತು ಕೇಳಬೇಕು. ಜಮಾಬಂದಿಯಲ್ಲಿ ನಿಂತಿದ್ದವರು, ಕೂತಿದ್ದವರು ಇಲ್ಲಿ ಅದಲುಬದಲು.

ಮುಂದೆ 1912ರಿಂದ 1918ರವರೆಗೆ ವಿಶ್ವೇಶ್ವರಯ್ಯನವರು ದಿವಾನರಾಗಿದ್ದರು. ಅಣೆಕಟ್ಟು, ಕಾರ್ಖಾನೆ ಅಂತ ನಾವು ಅವರನ್ನ ನೆನೆಸಿಕೊಳ್ತೀವಿ. ನನ್ನಂಥ ಆಫೀಸು ನೌಕರನಿಗೆ ಇಷ್ಟವಾದ ವಿಷಯ ಬೇರೆ: ಸರ್ಕಾರಿ ಕಚೇರಿಗಳಲ್ಲಿ ಅವರು ದಕ್ಷತೆಯ ಆಡಿಟ್ ಶುರುಮಾಡಿಸಿದ್ದು. ಹಣದ ಲೆಕ್ಕ ಸರಿಯಿದ್ದರೆ ಸಾಲದು, ಕೆಲಸ ಹೇಗೆ ನಡೀತಿದೆ ಅಂತಲೂ ನೋಡಬೇಕು ಅನ್ನೋದು ಅದರ ತಿರುಳು. ಮೈಸೂರು ಆರ್ಥಿಕ ಸಮ್ಮೇಳನದ ಕೆಳಗೆ ಜಿಲ್ಲೆ, ತಾಲೂಕು ಮಟ್ಟದಲ್ಲೂ ಪ್ರಗತಿ ಸಮಿತಿಗಳಿದ್ದವು. ಹಳ್ಳಿ ಸುಧಾರಣೆಯ ಯೋಜನೆಯಲ್ಲಿ ಊರಿನವರು ವಾರಕ್ಕೆ ಅರ್ಧ ದಿನ ಊರಿನ ಕೆಲಸಕ್ಕೆ ಬರಬೇಕು ಅಂತಿತ್ತು. ಇವತ್ತಿನ ತಾಲೂಕು ಕಚೇರಿಯ 'ಪ್ರಗತಿ ಪರಿಶೀಲನಾ ಸಭೆ' ಅನ್ನೋ ಬ್ಯಾನರಿನ ತಾತ ಮುತ್ತಾತ ಇಲ್ಲೇ ಸಿಗ್ತಾರೆ.

ಸ್ವಾತಂತ್ರ್ಯ ಬಂತು. 1963ರ ಫೆಬ್ರವರಿಯಿಂದ ವಂಶಪಾರಂಪರ್ಯದ ಗ್ರಾಮಾಧಿಕಾರ ರದ್ದಾಯ್ತು. ಪಟೇಲರು, ಶಾನುಭೋಗರು ಹೋಗಿ ಗ್ರಾಮಲೆಕ್ಕಿಗರು ಬಂದರು. 1964ರ ಪುರಸಭೆಗಳ ಕಾಯ್ದೆ ಬಂತು. ಆ ಕಾಯ್ದೆಯ ಕೆಳಗೇ ಇವತ್ತು ತಿಪಟೂರು ನಗರಸಭೆ, ಚಿಕ್ಕನಾಯಕನಹಳ್ಳಿ ಪುರಸಭೆ, ತುರುವೇಕೆರೆ ಪಟ್ಟಣ ಪಂಚಾಯಿತಿ ನಡೀತಿವೆ. ಮೂರು ಪಕ್ಕಪಕ್ಕದ ಊರು, ಮೂರು ಥರದ ಕೌನ್ಸಿಲ್. ಆದರೆ ಹಳ್ಳಿಯ ಶಾಲೆ, ಆಸ್ಪತ್ರೆ ವಿಷಯಕ್ಕೆ ಬಂದರೆ ಬಹಳ ಕಾಲ ಇದ್ದದ್ದು ಇನ್ಸ್‌ಪೆಕ್ಷನ್ ಒಂದೇ. ಮೇಲಿನವರು ಬರೋ ದಿನ ಮಾತ್ರ ಸುಣ್ಣ ಬಣ್ಣ, ಉಳಿದ ದಿನ ಅವರವರ ಪಾಡು. ಅಟ್ಟದ ಮೇಲೆ 10–11 ತಿಂಗಳು ಕೂತ ಕಾಯಿ ಕೊಬ್ಬರಿ ಆಗಿದೆಯಾ ಇಲ್ವಾ ಅಂತ ನಮ್ಮೋರು ಕೈಯಲ್ಲಿ ಹಿಡಿದು ಅಲ್ಲಾಡಿಸಿ ನೋಡ್ತಾರೆ, ಒಳಗೆ ಸದ್ದಾದರೆ ಆಗಿದೆ ಅಂತ. ಕೆಳಗೆ ನಿಂತು ಅಟ್ಟ ನೋಡಿ 'ಕಾಯಿ ಇದೆ' ಅಂತ ಬರಕೊಂಡು ಹೋದರೆ ಏನು ಗೊತ್ತಾಗುತ್ತೆ? ಹಳೇ ಇನ್ಸ್‌ಪೆಕ್ಷನ್ ಬಹಳ ಸಲ ಹಾಗೇ.

1987 ಇದಕ್ಕೆ ಒಂದು ತಿರುವು. ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಪಂಚಾಯತ್ ರಾಜ್ ಮಂತ್ರಿಯಾಗಿದ್ದ ಅಬ್ದುಲ್ ನಜೀರ್ ಸಾಬ್ ತಂದ ಕಾನೂನಿನ ಪ್ರಕಾರ ಆ ವರ್ಷದ ಜನವರಿಯಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಿಗೆ ಚುನಾವಣೆ ಆಯ್ತು. ನಮ್ಮ ಅಪ್ಪಂದಿರು ಅವರನ್ನ ನೀರ್ ಸಾಬ್ ಅಂತಲೇ ಕರೆಯೋರು, ಹಳ್ಳಿ ಹಳ್ಳಿಗೆ ಬೋರ್‌ವೆಲ್ ಕೊರೆಸಿದ್ದಕ್ಕೆ. ಶೇಕಡಾ 25 ಸ್ಥಾನ ಹೆಣ್ಣುಮಕ್ಕಳಿಗೆ. ಜಿಲ್ಲಾ ಪರಿಷತ್ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನ. ಶಾಲೆ, ಆರೋಗ್ಯ ಕೇಂದ್ರಗಳೆಲ್ಲ ಪರಿಷತ್ತಿನ ಕೆಳಗೆ. ಅಂದರೆ ಮೇಷ್ಟ್ರು ಬರಲಿಲ್ಲ, ಡಾಕ್ಟರ್ ಬರಲಿಲ್ಲ ಅಂತ ದೂರು ಹೇಳೋಕೆ ಬೆಂಗಳೂರಿಗೆ ಬಸ್ ಹತ್ತಬೇಕಿರಲಿಲ್ಲ, ಊರಿನ ಮಂಡಲ ಸದಸ್ಯನ ಮನೆ ಬಾಗಿಲು ತಟ್ಟಿದರೆ ಸಾಕಿತ್ತು.

ಇದರಿಂದ ಏನಾದರೂ ಬದಲಾಯ್ತಾ? ರಿಚರ್ಡ್ ಕ್ರೂಕ್, ಜೇಮ್ಸ್ ಮೇನರ್ ಅನ್ನೋ ಇಬ್ಬರು ವಿದ್ವಾಂಸರು ಕರ್ನಾಟಕದ ಆ ಐದು ವರ್ಷಗಳನ್ನ ಅಧ್ಯಯನ ಮಾಡಿ 1998ರಲ್ಲಿ ಪುಸ್ತಕ ತಂದರು. ಕೆಲಸಕ್ಕೆ ಚಕ್ಕರ್ ಹೊಡೀತಿದ್ದ ಸರ್ಕಾರಿ ನೌಕರರು, ಅದರಲ್ಲೂ ಮೇಷ್ಟ್ರುಗಳು, ಹೆಚ್ಚು ಸರಿಯಾಗಿ ಬರೋಕೆ ಶುರುಮಾಡಿದರು ಅನ್ನೋದು ಅವರು ಕಂಡ ಬದಲಾವಣೆಗಳಲ್ಲಿ ಒಂದು. ಹೊಸ ಸಾಫ್ಟ್‌ವೇರ್ ಇಲ್ಲ, ಬಯೋಮೆಟ್ರಿಕ್ ಇಲ್ಲ. ಕೇಳೋನು ಹತ್ತಿರ ಬಂದ, ಅಷ್ಟೇ. ಆದರೆ ತೀರಾ ಬಡವರಿಗೆ, ದನಿಯಿಲ್ಲದವರಿಗೆ ಈ ವ್ಯವಸ್ಥೆಯಿಂದ ಅಷ್ಟೇನೂ ದಕ್ಕಲಿಲ್ಲ ಅಂತಲೂ ಅವರೇ ಹೇಳ್ತಾರೆ. ಹಳೇ ನೀರುಗಂಟಿಯ ಕತೆ ಇಲ್ಲೂ ಬಿಡಲಿಲ್ಲ. 1992ರ ಜನವರಿಗೆ ಆ ಸಂಸ್ಥೆಗಳ ಅವಧಿ ಮುಗೀತು. ಚುನಾವಣೆ ಆಗಲಿಲ್ಲ, ಆಡಳಿತಾಧಿಕಾರಿಗಳು ಬಂದು ಕೂತರು.

ಸಂವಿಧಾನದ 73ನೇ ತಿದ್ದುಪಡಿ ಆದಮೇಲೆ 1993ರಲ್ಲಿ ಈಗಿನ ಪಂಚಾಯತ್ ರಾಜ್ ಕಾಯ್ದೆ ಬಂತು. ಅದರ ಕೆಳಗೆ 2004ರಲ್ಲಿ ಒಂದು ನಿಯಮ ಮಾಡಿದರು. ಅದಕ್ಕೆ ಇಟ್ಟ ಹೆಸರು, ನಂಬ್ತೀರೋ ಇಲ್ವೋ, ಜಮಾಬಂದಿ. ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ ಪಂಚಾಯಿತಿಯ ಹಿಂದಿನ ವರ್ಷದ ಲೆಕ್ಕಪತ್ರ, ಬಿಲ್ಲು, ಕಾಮಗಾರಿ ಎಲ್ಲವನ್ನೂ ಜನರ ಮುಂದೆ ತೆರೆದಿಡಬೇಕು. ಹೊರಗಿಂದ ಅಧಿಕಾರಿಗಳು ಬರ್ತಾರೆ. ಚರಂಡಿ ಮಾಡಿದ್ದೀವಿ ಅಂತ ಬರೆದಿದ್ದರೆ ಹೋಗಿ ಚರಂಡಿ ನೋಡಬೇಕು. ಯಾರು ಬೇಕಾದರೂ ಹೋಗಿ ಕೇಳಬಹುದು. ಯಾವ ಪದದಲ್ಲಿ ಸರ್ಕಾರ ಊರಿನ ಲೆಕ್ಕ ಕೇಳ್ತಿತ್ತೋ ಅದೇ ಪದದಲ್ಲಿ ಈಗ ಊರು ಪಂಚಾಯಿತಿಯ ಲೆಕ್ಕ ಕೇಳುತ್ತೆ. ಆ ನಿಯಮಕ್ಕೆ ಹೆಸರಿಟ್ಟವರು ಬೇಕಂತಲೇ ಹೀಗೆ ಮಾಡಿದರೋ, ಹಳೇ ರೂಢಿಯಲ್ಲಿ ಬಂತೋ, ಯಾರಾದರೇನು, ನನ್ನ ಕಡೆಯಿಂದ ಒಂದು ನಮಸ್ಕಾರ.

ಪೇಟೆ ಕಡೆಯೂ ಇದೇ ಹೊತ್ತಿಗೆ ಅಳತೆಯ ಗಾಳಿ ಬೀಸ್ತು. ಬೆಂಗಳೂರಿನ ಪಬ್ಲಿಕ್ ಅಫೇರ್ಸ್ ಸೆಂಟರ್ ಸ್ಥಾಪಿಸಿದ ಸ್ಯಾಮ್ಯುಯೆಲ್ ಪಾಲ್ ಅವರು 1994ರಲ್ಲಿ ನಗರದ ಇಲಾಖೆಗಳಿಗೆ ನಾಗರಿಕರಿಂದಲೇ ಮಾರ್ಕ್ಸ್ ಕಾರ್ಡ್ ಕೊಡಿಸಿದರು. ಬಹುತೇಕ ಇಲಾಖೆಗಳು ಫೇಲು. 1999, 2003ರಲ್ಲಿ ಮತ್ತೆ ಮಾಡಿದಾಗ ಅಂಕ ಸ್ವಲ್ಪ ಸುಧಾರಿಸಿತ್ತು. 2008ರಲ್ಲಿ ಕೇಂದ್ರ ಸರ್ಕಾರ ಎಲ್ಲ ಪಟ್ಟಣಗಳಿಗೂ ಸೇವಾ ಮಟ್ಟದ ಮಾನದಂಡಗಳನ್ನ ಪ್ರಕಟಿಸ್ತು. ನೀರು, ಒಳಚರಂಡಿ, ಕಸ, ಮಳೆನೀರು ಚರಂಡಿ, ಈ ನಾಲ್ಕಕ್ಕೆ ಸೇರಿ 28 ಅಳತೆ. ತಲೆಗೆ ದಿನಕ್ಕೆ 135 ಲೀಟರ್ ನೀರು, ದಿನಕ್ಕೆ 24 ಗಂಟೆ, ನೂರಕ್ಕೆ ಎಂಬತ್ತು ದೂರು ಒಂದು ದಿನದಲ್ಲಿ ಬಗೆಹರಿಯಬೇಕು. 24 ಗಂಟೆ ನೀರು ಅನ್ನೋದನ್ನ ತಿಪಟೂರಿನ ಬೀದಿಯಲ್ಲಿ ನಿಂತು ಜೋರಾಗಿ ಓದಿ ನೋಡಿ, ಜನ ನಗ್ತಾರೆ. ಆದರೂ ಗುರಿ ಎಷ್ಟು ದೂರ ಇದೆ ಅಂತ ಗೊತ್ತಾಗೋಕಾದ್ರೂ ಅದು ಬೇಕು.

2012ರ ಏಪ್ರಿಲ್ 2ಕ್ಕೆ ಸಕಾಲ ಬಂತು. ಶುರುವಿನಲ್ಲಿ 11 ಇಲಾಖೆ, 151 ಸೇವೆ. ಜನನ ಪ್ರಮಾಣಪತ್ರಕ್ಕೆ ಇಷ್ಟು ದಿನ, ಖಾತೆಗೆ ಇಷ್ಟು ದಿನ. ತಡವಾದರೆ ದಿನಕ್ಕೆ 20 ರೂಪಾಯಿ ಪರಿಹಾರ, ಗರಿಷ್ಠ 500. ಶಾಸನದ ಶಾಪದಿಂದ 20 ರೂಪಾಯಿ ದಂಡದವರೆಗೆ ಬಂದೆವು ಅಂತ ತಮಾಷೆ ಮಾಡಬಹುದು. ಆದರೆ 'ನಾಳೆ ಬಾ' ಅನ್ನೋದಕ್ಕೆ ಮೊದಲ ಸಲ ಒಂದು ಬೆಲೆ ಕಟ್ಟಿದ್ದು ಸಣ್ಣ ವಿಷಯ ಅಲ್ಲ. ಅದರ ದೌರ್ಬಲ್ಯವೂ ನಮಗೆ ಗೊತ್ತಿರೋದೇ: ಗಡಿಯಾರ ಓಡೋಕೆ ಶುರುವಾಗೋದು ಅರ್ಜಿಗೆ ರಸೀದಿ ಕೊಟ್ಟಮೇಲೆ. ರಸೀದಿಯೇ ಕೊಡದೆ 'ಸರ್ವರ್ ಡೌನ್' ಅಂದುಬಿಟ್ಟರೆ ಯಾವ ಡ್ಯಾಶ್‌ಬೋರ್ಡಿಗೂ ಅದು ಕಾಣಲ್ಲ. ಅಳತೆ ಮಾಡೋ ಕೆಲಸದಲ್ಲಿರೋ ನನಗೆ ಈ ಟ್ರಿಕ್ಕು ಹೊಸದೇನಲ್ಲ. ಯಾವುದನ್ನ ಅಳೀತಾರೋ ಅದು ಚೆನ್ನಾಗಿ ಕಾಣೋ ಹಾಗೆ ಮಾಡೋದನ್ನ ಎಲ್ಲರೂ ಬೇಗ ಕಲೀತಾರೆ.

ಈಗಿನ ಸ್ಥಿತಿಗೆ ಬರೋಣ. ತಾಲೂಕು ಪಂಚಾಯಿತಿ, ಜಿಲ್ಲಾ ಪಂಚಾಯಿತಿಗೆ ಕೊನೇ ಸಲ ಚುನಾವಣೆ ಆಗಿದ್ದು 2016ರ ಫೆಬ್ರವರಿಯಲ್ಲಿ. 2021ಕ್ಕೆ ಅವಧಿ ಮುಗೀತು. ಆಮೇಲೆ ವರ್ಷಗಟ್ಟಲೆ ಚುನಾವಣೆ ಇಲ್ಲ, ಮತ್ತೆ ಆಡಳಿತಾಧಿಕಾರಿಗಳು. ಮೂರು ತಿಂಗಳಿಗೊಮ್ಮೆ ಕೆಡಿಪಿ ಸಭೆ ನಡೆಯುತ್ತೆ, ಶಾಸಕರು ಅಧಿಕಾರಿಗಳನ್ನ ತರಾಟೆಗೆ ತಗೊಂಡ ಸುದ್ದಿ ಪೇಪರಲ್ಲಿ ಬರುತ್ತೆ. ಆದರೆ ನಮ್ಮ ಹೋಬಳಿಯ ಶಾಲೆ, ಆಸ್ಪತ್ರೆ ಬಗ್ಗೆ ಆ ಟೇಬಲ್ಲಿನ ಮೇಲೆ ಕೇಳಬೇಕಾದ, ನಾವೇ ಆರಿಸಿದ ಸದಸ್ಯನ ಕುರ್ಚಿ ಖಾಲಿ. 1987ರಲ್ಲಿ ಹತ್ತಿರ ಬಂದಿದ್ದ ಕೇಳೋನು ಮತ್ತೆ ದೂರ ಹೋಗಿದ್ದಾನೆ. ಇದರ ಬಗ್ಗೆ ಬೆಂಗಳೂರಿನಲ್ಲಿ ಕೂತ ನಮ್ಮಲ್ಲಿ ಎಷ್ಟು ಜನಕ್ಕೆ ಸಿಟ್ಟು ಬಂದಿದೆ? ನನಗೂ ಬಂದಿರಲಿಲ್ಲ, ಸುಳ್ಳು ಯಾಕೆ ಹೇಳಲಿ.

ಇಷ್ಟೆಲ್ಲ ಓದಿಕೊಂಡಮೇಲೆ ಸುಮ್ಮನಿರೋಕಾಗದೆ ಜಮಾಬಂದಿ ದಿನ ರಜೆ ಹಾಕಿ ಊರಿಗೆ ಹೋದೆ. ಪಂಚಾಯಿತಿ ಆವರಣದಲ್ಲಿ ಶಾಮಿಯಾನ, ಐವತ್ತು ಕುರ್ಚಿ, ಅಧಿಕಾರಿಗಳು ಸಿಬ್ಬಂದಿ ಬಿಟ್ಟರೆ ಊರಿನವರು ಒಂಬತ್ತು ಜನ. ನನ್ನ ವಯಸ್ಸಿನವನು ನಾನೊಬ್ಬನೇ. ಕುಡಿಯುವ ನೀರಿನ ರಿಜಿಸ್ಟರ್ ಓದಿದರು: ಎಲ್ಲ ಮನೆಗೂ ನಲ್ಲಿ ಇದೆ, ನಿಯಮಿತವಾಗಿ ನೀರು ಪೂರೈಕೆ ಆಗಿದೆ. ದೊಡ್ಡಪ್ಪ ಎದ್ದು ನಿಂತು, ಚೀಲದಿಂದ ಸುತ್ತಿದ ಕ್ಯಾಲೆಂಡರ್ ತೆಗೆದು ಮೇಜಿನ ಮೇಲೆ ಹಾಸಿದರು. "ಸ್ವಾಮಿ, ತಲೆಗೆ 55 ಲೀಟರ್ ಅಂತ ನೀವೇ ಬೋರ್ಡ್ ಹಾಕಿದೀರ. ಜುಲೈನಾಗೆ 11 ದಿನ ಬಂದೈತೆ. ಮಿಕ್ಕ 20 ದಿನದ್ದು ಎಲ್ಲೈತೆ ಹೇಳಿ" ಅಂದರು. ಕೂಗಾಡಲಿಲ್ಲ. ಬಂದಿದ್ದ ಅಧಿಕಾರಿ ಕ್ಯಾಲೆಂಡರಿನ ಒಂದೊಂದು ಹಾಳೆಯನ್ನೂ ತಿರುವಿ ನೋಡಿದರು.

ಆಮೇಲೆ ನೀರುಗಂಟಿಯನ್ನ ಕರೆಸಿದರು. ಹೌದು, ಪಂಚಾಯಿತಿ ದಾಖಲೆಯಲ್ಲಿ ಇವತ್ತಿಗೂ ಆ ಹುದ್ದೆಯ ಹೆಸರು ಅದೇ. ಅವನು ಹೇಳಿದ್ದು ಇಷ್ಟು: ಮೂರು ಹಟ್ಟಿಗೆ ಅವನೊಬ್ಬನೇ, ಒಂದು ವಾಲ್ವ್ ಮುರಿದು ಆರು ತಿಂಗಳಾಯ್ತು, ನಾಲ್ಕು ತಿಂಗಳಿಂದ ಸಂಬಳ ಆಗಿಲ್ಲ. ದೊಡ್ಡಪ್ಪನ ಮುಖ ಪೆಚ್ಚಾಯ್ತು. ಅವನ ಮೇಲೆ ದೂರು ಹೇಳೋಕೇ ಅವರು ಬಂದಿದ್ದದ್ದು. ಒಂದು ನಿಮಿಷ ಸುಮ್ಮನಿದ್ದು, "ಹಂಗಾದ್ರೆ ಮೊದ್ಲು ಇವನ ಸಂಬಳದ್ದು ಬರ್ಕೊಳಿ" ಅಂದರು. ಅಧಿಕಾರಿ ಬರೆದುಕೊಂಡರು. ಸಂಬಳ, ವಾಲ್ವ್, 11 ದಿನ, ಮೂರೂ ವರದಿಗೆ ಹೋದವು.

ಆಯ ಕಡಿಮೆಯಾದರೆ ನೀರುಗಂಟಿ ಯಾರನ್ನ ಕೇಳಬೇಕು ಅಂತ ಆಗ ಕೇಳಿದ್ದೆನಲ್ಲ. ಆ ಪ್ರಶ್ನೆ ಅವತ್ತು ಮೊದಲ ಸಲ ಒಂದು ಕಾಗದದ ಮೇಲೆ ಬಂತು, ಅದೂ ಅವನ ಮೇಲೆ ಸಿಟ್ಟಾಗಿದ್ದವರ ಬಾಯಿಂದಲೇ.

ವಾಲ್ವ್ ಅಕ್ಟೋಬರಿನಲ್ಲಿ ಹಾಕಿದರಂತೆ. ಸಂಬಳ ಎರಡು ತಿಂಗಳದ್ದು ಬಂದಿದೆ, ಇನ್ನೆರಡು ಬಾಕಿ. ದೊಡ್ಡಪ್ಪ ಫೋನಲ್ಲಿ ಹೇಳಿದ ಲೆಕ್ಕ: ನವೆಂಬರಿನಲ್ಲಿ 19 ಸೊನ್ನೆ. "ಕ್ಯಾಲೆಂಡರ್ ಹೊಸದು ಬಂತು, ಪೆನ್ನು ಒಂದು ತಗೊಂಬಾ, ಇದು ಬರೀತಿಲ್ಲ" ಅಂದರು.

ನಿಮ್ಮದೂ ಒಂದು ಊರು ಇರುತ್ತಲ್ಲ. ಆಗಸ್ಟ್ 16ರಿಂದ ಸೆಪ್ಟೆಂಬರ್ 15. ನಿಮ್ಮ ಪಂಚಾಯಿತಿಯದ್ದು ಯಾವ ತಾರೀಖು ಅಂತ ಒಂದು ಫೋನ್ ಮಾಡಿ ಕೇಳಿ. ಗೌರಿ ಹಬ್ಬಕ್ಕೆ ಹೇಗೂ ಹೋಗ್ತೀರ, ಆ ರಜೆಯಲ್ಲೇ ಹೊಂದಿಸಿಕೊಂಡರೆ ಆಯ್ತು. ಕುರ್ಚಿಗಳು ಖಾಲಿ ಇರುತ್ತವೆ.